ಹತ್ತು ಮಾರು ದೂರದ ತಪಾಸಣೆ

ಮಾನ್ಯ ಅಧ್ಯಕ್ಷರೇ, ಈ ಶಾಲು ಹೊದೆಸಿದ ಮಾದೇವ ಮಾಸ್ತರರೇ, ಹೊನ್ನಾವರದ ಹಿರಿಯರೇ, ಕುರ್ಚಿ ಸಾಲದೆ ಬಾಗಿಲಲ್ಲೇ ನಿಂತ ಸಭಿಕರೇ,

ನಿಮ್ಮಲ್ಲಿ ಅರ್ಧ ಜನರ ನಾಲಿಗೆಯನ್ನು ನಾನು ನೋಡಿದ್ದೇನೆ. ಇಂದು ನನ್ನ ನಾಲಿಗೆ ನೋಡುವ ಸರದಿ ನಿಮ್ಮದು. ಇಪ್ಪತ್ತೆರಡು ವರ್ಷದ ಸೇವೆ ಎಂದು ಮಾಸ್ತರರು ಹೊಗಳಿದರು. ಅಷ್ಟರಲ್ಲಿ ನನಗೆ ಹೆಮ್ಮೆಯದು ಯಾವುದು? ಹತ್ತು ವರ್ಷದ ಹಿಂದೆ, ಐವತ್ತೇಳನೆಯ ಇಸವಿಯಲ್ಲಿ, ಒಬ್ಬ ರೋಗಿಯನ್ನು ಮುಟ್ಟದೇ ಕಾದ ಹದಿನೆಂಟು ದಿನ!

ಆ ಮಳೆಗಾಲ ಜಗತ್ತಿಗೆಲ್ಲ ಫ್ಲೂ. ಭಟ್ಕಳದಿಂದ ಕುಮಟೆಯವರೆಗೆ ಜ್ವರ ಬಾರದ ಮನೆಯಿಲ್ಲ. ತಲೆನೋವು ಎಂದವರಿಗೆಲ್ಲ ಒಂದೇ ಮಿಕ್ಸ್ಚರ್. ಗದ್ದೆಯಂಚಿನ ಕೊಪ್ಪದ ಕೇರಿಯ ದುರ್ಗಿಗೂ ಅದನ್ನೇ ಎರಡು ಸಲ ಕೊಟ್ಟು ಕಳಿಸಿದೆ. ಮೂರನೆಯ ಸಲ, ಗದ್ದೆಯಲ್ಲಿ ಅವಳ ಜೊತೆ ಪದ ಹೇಳುವ ಬಂಗಾರಿ ಅವಳನ್ನು ಕರೆತಂದು ನನ್ನ ಮೇಜಿನ ಮುಂದೆ ನಿಂತಳು.

"ಇದ್ ಜ್ವರದ್ ತಲೆನೋವಲ್ಲ, ಒಡೆಯ. ನಾ ಪದದ್ ಒಂದ್ ಸಾಲ್ ಹೇಳಿದ್ರೆ ದುರ್ಗಿ ತಿರುಗಿ ಹೇಳ್ಬೇಕಲ್ಲ? ಮಧ್ಯದಲ್ಲೇ ಬಿಡ್ತದೆ. ಎಂತ ಅಂತ ನೋಡಿ."

ದುರ್ಗಿಯ ಕಣ್ಣೊಳಗೆ ದೀಪ ಬಿಟ್ಟು ನೋಡಿದೆ. ನರ ಊದಿತ್ತು. ಮಿದುಳಿನಲ್ಲಿ ಗಡ್ಡೆ! ರೋಗ ಹಿಡಿದದ್ದು ನಾನೇ ಎಂದು ಎಷ್ಟೋ ಕಡೆ ಹೇಳಿಕೊಂಡಿದ್ದೇನೆ, ಇರಲಿ.

ಬೊಂಬಾಯಿಯ ಆಸ್ಪತ್ರೆಯವರು ಹದಿನೆಂಟು ದಿನ ಬಿಟ್ಟು ತಾರೀಖು ಕೊಟ್ಟರು. ಫ್ಲೂ ತಗಲಿದರೆ ತಲೆ ತೆರೆಯುವುದಿಲ್ಲ ಎಂದೂ ಬರೆದರು. ಊರೆಲ್ಲ ಜ್ವರ, ನನ್ನ ಕೈತುಂಬ ಜ್ವರ. ಅವಳನ್ನು ಎಲ್ಲಿಡುವುದು? ಗದ್ದೆಯ ನಡುವಿನ ಮಾಳದಲ್ಲಿ, ಬೆಳೆ ಕಾಯುವ ಗುಡಿಸಲಿನಲ್ಲಿ, ಇಟ್ಟೆವು. ಗಂಡ ಚೌಡ ಗಂಜಿ, ಮಾತ್ರೆ ಎರಡನ್ನೂ ಬಾಗಿಲಲ್ಲಿಟ್ಟು ಹಿಂದೆ ಸರಿಯುತ್ತಿದ್ದ. ನಾನು ಹತ್ತು ಮಾರು ದೂರದ ಬದುವಿನ ಮೇಲೆ. ಬಂಗಾರಿ ಭತ್ತದ ಸಸಿ ನೆಡುತ್ತ ಒಂದು ಸಾಲು ಹೇಳುವಳು, ದುರ್ಗಿ ಒಳಗಿನಿಂದ ತಿರುಗಿ ಹೇಳುವಳು. ಪೂರ್ತಿ ಬಂದರೆ ಆ ದಿನಕ್ಕೆ ಅಡ್ಡಿಯಿಲ್ಲ. ಯಾವ ಪುಸ್ತಕದಲ್ಲಿದೆ ಸ್ವಾಮಿ, ಈ ತಪಾಸಣೆ?

ಹನ್ನೊಂದನೆಯ ದಿನ ಬಂಗಾರಿ ಮೂರು ಸಲ ಹೇಳಿದರೂ ಮಾಳದಿಂದ ಉತ್ತರವಿಲ್ಲ. ಬದುವಿನಿಂದ ಇಳಿದೇಬಿಟ್ಟೆ.

"ನಿಲ್ಲಿ ಒಡೆಯ! ಬೆಳಗಿಂದ ಜ್ವರದವ್ರನ್ನ ಮುಟ್ಟಿ ಬಂದವ್ರು ನೀವು!" ಎಂದು ಬಂಗಾರಿ ಕೂಗಿದಳು.

ಮೊಣಕಾಲುದ್ದ ಕೆಸರಿನಲ್ಲಿ ಹಾಗೇ ನಿಂತೆ. ಡಾಕ್ಟರನಿಗೆ ಅದಕ್ಕಿಂತ ಕಷ್ಟದ ಕೆಲಸವಿಲ್ಲ. ನಾಲ್ಕನೆಯ ಸಲಕ್ಕೆ ದನಿ ಬಂತು. ಸಣ್ಣ ದನಿ, ಆದರೆ ಸಾಲು ಪೂರ್ತಿ.

ಅಂದು ಸಂತೋಷಕ್ಕೆ ಮನೆಗೆ ಹೋದವನು ಬಟ್ಟೆಯನ್ನೂ ಬದಲಿಸದೆ ಊಟಕ್ಕೆ ಕುಳಿತೆ. ನನ್ನವಳು ಕಮಲಿಗೆ ಜ್ವರ ಹತ್ತಿತು. ಹೆಂಡತಿಯಿಂದಲೂ ದೂರ ನಿಲ್ಲಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಎಂಟು ದಿನ ಮಲಗಿ ಎದ್ದಳು. ಇಲ್ಲೇ ಮುಂದಿನ ಸಾಲಿನಲ್ಲಿದ್ದಾಳೆ. ಈಗ ನನ್ನ ಕಡೆ ನೋಡುತ್ತಿಲ್ಲ.

ದುರ್ಗಿ ಜ್ವರವಿಲ್ಲದೆ ಬೊಂಬಾಯಿ ತಲುಪಿದಳು. ಗಡ್ಡೆ ತೆಗೆದರು. ಕ್ಯಾನ್ಸರ್ ಎಂದರು, ಒಂದು ವರ್ಷ ಸಿಕ್ಕರೆ ಹೆಚ್ಚು ಎಂದರು. ಮೂರು ಮಳೆಗಾಲ ಗದ್ದೆಯಲ್ಲಿ ಪದ ಹೇಳಿದಳು ನಮ್ಮ ದುರ್ಗಿ! ಆಮೇಲೆ ಹೋದಳು.

ಅವಳು ಬೊಂಬಾಯಿಯಿಂದ ವಾಪಸು ಬಂದ ದಿನದ್ದೊಂದು ಮಾತು ಉಳಿದಿದೆ. ಅಂದು ದವಾಖಾನೆಯ ಅಂಗಳದಲ್ಲೇ ನಿಂತುಬಿಟ್ಟಳು. ಒಳಗೆ ಬಾ ಎಂದೆ.

"ಈಗ್ ಮುಟ್ಬೋದಾ, ಒಡೆಯ?" ಎಂದು ಕೈ ಚಾಚಿದಳು.

ನಾಡಿ ನೋಡಲೆಂದು ಹಿಡಿದೆ. ಎಣಿಸಲು ಆಗಲಿಲ್ಲ, ಅತ್ತುಬಿಟ್ಟೆ. ಅಳುವ ಡಾಕ್ಟರನನ್ನೂ ಇಷ್ಟು ವರ್ಷ ನಂಬಿದಿರಿ. ನಿಮಗೆಲ್ಲ ನಾನು ಋಣಿ. ನಮಸ್ಕಾರ.