ಬೀರುವಿನಲ್ಲಿದ್ದ ಹಳದಿ ಅಂಗಿ

ನಂಬದವರು ಈಗಲೇ ಎದ್ದು ಹೋಗಿ ಮಲಗಿಕೊಳ್ಳಿ. ನಡುವೆ ನಕ್ಕರೆ ನಾನು ಮುಂದೆ ಹೇಳುವುದಿಲ್ಲ.

ಇದು ನಮ್ಮ ಪಕ್ಕದ ಮನೆಯ ಜಾಲಯ್ಯನಿಗೆ ಆದದ್ದು. ಕಾರ್ತಿಕ ಹುಣ್ಣಿಮೆಯ ರಾತ್ರಿ. ಚೀರಾಲದ ಕೊನೆಯ ಬಸ್ಸೂ ಹೋಗಿತ್ತು. ನಾನು ಸಮುದ್ರದ ದಡದ ನನ್ನ ಅಂಗಡಿಯಲ್ಲಿ ಬಜ್ಜಿ ಬಾಣಲೆ ತೊಳೆಯುತ್ತಿದ್ದೆ. ಜಾಲಯ್ಯ ನನಗಿಂತ ಮುಂಚೆ ಮನೆಗೆ ಹೊರಟ... ಸರ್ವೆ ತೋಪಿನೊಳಗೆ, ಸಿಹಿನೀರಿನ ಬಾವಿಯ ದಾರಿಯಲ್ಲಿ.

ಹಗಲೆಲ್ಲ ಅವನು ದಡ ಕಾದಿದ್ದ. ನಮ್ಮ ಪಾಲೆಂನಲ್ಲಿ, ಈ ಬೆಸ್ತರ ಕೇರಿಯಲ್ಲಿ, ಅವನಂಥ ಈಜುಗಾರ ಇನ್ನೊಬ್ಬನಿಲ್ಲ. ಕಾರ್ತಿಕಕ್ಕೊಮ್ಮೆ, ಮಾಘಕ್ಕೊಮ್ಮೆ ಹುಣ್ಣಿಮೆ ಸ್ನಾನಕ್ಕೆ ಜನ ಮುಗಿಬೀಳುವಾಗ ಪಂಚಾಯತಿಯವರು ಅವನಿಗೆ ಒಂದು ಹಳದಿ ಅಂಗಿ, ಒಂದು ಸೀಟಿ ಕೊಡುತ್ತಾರೆ. ಅವನು ಊದಿದರೆ ಎಂಥ ದೊಡ್ಡ ಮನುಷ್ಯನೂ ನೀರು ಬಿಟ್ಟು ಎದ್ದು ಬರಬೇಕು. ಸಂಜೆಗೆ ಗುಮಾಸ್ತ ಸತ್ಯಂ ಬಂದು ಎರಡನ್ನೂ ವಾಪಸ್ ಇಸಿದುಕೊಂಡು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾನೆ.

ಅವತ್ತೂ ಇಸಿದುಕೊಂಡ. ನನ್ನ ಅಂಗಡಿಯ ಮುಂದೆಯೇ.

"ನಾಳೆ ಸಾರ್?" ಅಂದ ಜಾಲಯ್ಯ.

"ನಾಳೆ ಹಬ್ಬ ಇಲ್ಲವಲ್ಲೋ."

"ಸಮುದ್ರ ಇರುತ್ತಲ್ಲ."

"ದಿನಾ ಕಾವಲು ಹಾಕೋಕೆ ಅದೇನು ನಿಮ್ಮಪ್ಪ ಬೆಳೆದ ಕಲ್ಲಂಗಡಿ ಹೊಲವಾ? ಗುಂಡಿ ಇರೋ ಕಡೆ ಬಾವುಟ ನೆಟ್ಟಿದೆ. ಸಾಕು."

ಬಾವುಟ ನೆಟ್ಟವನೂ ಜಾಲಯ್ಯನೇ. ಒಂದು ಬಿದಿರು, ಗುಮಾಸ್ತ ಕೊಟ್ಟ ಕೆಂಪು ಬಟ್ಟೆ. ನೀರಿನಡಿಯ ಮರಳು ಕುಸಿದು ಸೆಳೆತ ಎದ್ದಿದ್ದ ಜಾಗದ ಎದುರಿಗೆ. ಆದರೆ ನಮ್ಮ ಕಡೆ ಹೊಸ ದೋಣಿ ಇಳಿಸುವಾಗ ಗಂಗಮ್ಮನಿಗೆ ನೆಡುವುದೂ ಇಂಥದೇ ಬಿದಿರು, ಇಂಥದೇ ಕೆಂಪು ಬಟ್ಟೆ. ಹಗಲು ಜಾಲಯ್ಯ ಪಕ್ಕದಲ್ಲಿ ನಿಂತು ಜನರನ್ನು ಓಡಿಸಿದ್ದ. ಅವನು ಅಂಗಿ ಬಿಚ್ಚಿಕೊಟ್ಟು ಹೊರಡುವಷ್ಟರಲ್ಲಿ ಯಾರೋ ಬಿದಿರಿನ ಬುಡಕ್ಕೆ ಅರಿಶಿನ ಬಳಿದಿದ್ದರು.

ಸರಿ... ಬಾವಿ ಹತ್ತಿರ ಬಂದ. ಆಗ ಕೇಳಿಸಿತು.

ಸೀಟಿ. ಎರಡು ಗಿಡ್ಡ, ಒಂದು ಉದ್ದ. ಪೀ... ಪೀ... ಪೀಈಈ... ಒಳಗಿನ ಗುಂಡು ಗಿರ್ರನೆ ತಿರುಗುವುದೂ ಕೇಳಿಸಿತಂತೆ. ಅದು ಅವನದೇ ಊದು. 'ಹಿಂದಕ್ಕೆ ಬನ್ನಿ' ಅನ್ನುವುದಕ್ಕೆ ಅವನೊಬ್ಬನೇ ಹಾಗೆ ಊದುತ್ತಿದ್ದ.

ದಡಕ್ಕೆ ಓಡಿದ. ಬೆಳುದಿಂಗಳು. ನರಪಿಳ್ಳೆಯಿಲ್ಲ. ಬಾವುಟದ ಬಟ್ಟೆ ಪಟಪಟ ಅನ್ನುತ್ತಿತ್ತು. ಅದರೆದುರು ಸೊಂಟದ ಮಟ್ಟದ ನೀರಿನಲ್ಲಿ... ಒಬ್ಬ ಹೆಂಗಸು. ಬೆನ್ನು ಇತ್ತ ಕಡೆ. ಗಿಣಿಹಸಿರು ಸೀರೆ. ಕೈಯಲ್ಲಿ ಬಾಳೆದಿಂಡಿನ ದೊನ್ನೆ, ಅದರಲ್ಲಿ ಕಾರ್ತಿಕದ ದೀಪ. ಅಷ್ಟು ಗಾಳಿಗೂ ಕುಡಿ ಅಲುಗುತ್ತಿರಲಿಲ್ಲ.

"ಅಣ್ಣಾ... ಇಲ್ಲಿ ಆಳ ಇದೆಯಾ?"

ಪಿಸುಮಾತು. ಆದರೂ ಅಲೆಯ ಮೊರೆತ ದಾಟಿ ಬಂತು.

"ಇದೆ ತಾಯಿ! ಹಿಂದಕ್ಕೆ ಬಾ!"

ಅವಳು ತಿರುಗಲಿಲ್ಲ. ಮುಂದೆ ಒಂದು ಹೆಜ್ಜೆ... ನೀರಿನ ಮೇಲೆ ದೀಪ ಮಾತ್ರ ಉಳಿಯಿತು.

ಮುಳುಗಿ ಮುಳುಗಿ ಹುಡುಕಿದ. ಕೈಗೆ ಮರಳು ಬಿಟ್ಟು ಏನೂ ಸಿಗಲಿಲ್ಲ. ನಾನು ಆ ದಾರಿಯಲ್ಲಿ ಬಂದಾಗ ಬಾವಿಕಟ್ಟೆಯ ಮೇಲೆ ಕೂತಿದ್ದ. ಹಲ್ಲು ಕಟಕಟ.

"ಏನೋ, ಎಷ್ಟು ಏರಿಸಿದೀಯ?"

"ಮೂಸಿ ನೋಡು ಅತ್ತಿಗೆ."

ಮೂಸಿದೆ. ಬರೀ ಉಪ್ಪುನೀರು. ನಡೆದದ್ದನ್ನೆಲ್ಲ ಹೇಳಿ ಕೊನೆಗೆ ಕೇಳಿದ... "ಬೀಗ ಹಾಕಿರೋ ಸೀಟೀನ ಯಾರು ಊದ್ತಾರೆ ಅತ್ತಿಗೆ?"

ನನ್ನ ಸೆರಗಿನಿಂದ ಅವನ ತಲೆ ಒರೆಸಿ ಮನೆಗೆ ಕರೆದುಕೊಂಡು ಹೋದೆ.

ಬೆಳಿಗ್ಗೆ ನಾನು ಒಲೆ ಹಚ್ಚುವ ಹೊತ್ತಿಗೆ ಒಂದು ವ್ಯಾನು ಬಂದು ನಿಂತಿತು. ಹುಣ್ಣಿಮೆಯ ನೂಕುನುಗ್ಗಲು ಬೇಡವೆಂದು ಮಾರನೆಯ ದಿನ ಬಂದವರು, ನರಸರಾವುಪೇಟೆ ಕಡೆಯವರು. ಹೆಂಗಸರು ನೆಟ್ಟಗೆ ಬಾವುಟದ ಹತ್ತಿರ ಹೋಗಿ ಬಿದಿರಿಗೆ ಕುಂಕುಮವಿಟ್ಟರು. ಅವರಲ್ಲಿ ಒಬ್ಬಳದು... ಗಿಣಿಹಸಿರು ಸೀರೆ.

ಪಕ್ಕದಲ್ಲಿದ್ದ ಜಾಲಯ್ಯನ ಮುಖ ಬೂದಿಯಾಯಿತು. "ಅವಳೇ," ಅಂದ.

ಓಡಿದ. ಮೈಮೇಲೆ ಅಂಗಿಯಿಲ್ಲ, ಕೊರಳಲ್ಲಿ ಸೀಟಿಯಿಲ್ಲ. ಹರಕು ಲುಂಗಿ, ನಿದ್ದೆಗೆಟ್ಟ ಕೆಂಪು ಕಣ್ಣು.

"ಇಳೀಬೇಡಿ! ಗುಂಡಿ ಇದೆ!"

"ಯಾವನಯ್ಯ ಇವನು? ಬೆಳಿಗ್ಗೆ ಬೆಳಿಗ್ಗೇನೇ ಹಾಕ್ಕೊಂಡು ಬಂದವ್ನೆ."

"ಇದು ಗಂಗಮ್ಮನದಲ್ಲ, ಅಪಾಯದ ಬಾವುಟ! ನಾನೇ ನೆಟ್ಟಿದ್ದು!" ಅಂತ ಬಿದಿರಿಗೆ ಕೈ ಹಾಕಿ ಕೀಳಲು ಹೋದ. ಅಲ್ಲೇ ಕೆಟ್ಟಿತು.

"ಅಯ್ಯೋ, ಅಮ್ಮನ ಬಾವುಟ ಕೀಳ್ತಾನೆ! ಹಿಡೀರೋ!" ಒಬ್ಬ ಮುದುಕಿ ಕಿರುಚಿದಳು. ಗಂಡಸರು ಅವನ ತೋಳು ತಿರುಚಿ ಮುಖವನ್ನು ಮರಳಿಗೆ ಒತ್ತಿದರು. ನಾನು ಜಾಲರಿ ಸೌಟು ಹಿಡಿದುಕೊಂಡೇ ಓಡಿದೆ.

"ಬಿಡ್ರೋ! ಅವನು ದಡ ಕಾಯೋನು!"

"ಹೌದಾ? ಮತ್ತೆ ಹೋದ ವರ್ಷ ಕಾಯೋನು ಹಾಕಿದ್ದ ಹಳದಿ ಅಂಗಿ ಎಲ್ಲಮ್ಮಾ?"

ಅಷ್ಟರಲ್ಲಿ ಆ ಗಿಣಿಹಸಿರು ಸೀರೆಯವಳು ಸೊಂಟದ ನೀರಿನಲ್ಲಿದ್ದಳು. ಕೈಯಲ್ಲಿ ದೀಪ. ಗಲಾಟೆಗೆ ಅನುಮಾನ ಬಂತೋ ಏನೋ, ಅಷ್ಟು ಜನರಲ್ಲಿ ಅವಳೊಬ್ಬಳೇ ಅವನನ್ನು ಕೇಳಿದಳು. ನಾನು ಈ ಕಿವಿಯಿಂದ ಕೇಳಿದೆ.

"ಅಣ್ಣಾ... ಇಲ್ಲಿ ಆಳ ಇದೆಯಾ?"

ಜಾಲಯ್ಯನ ಬಾಯಿ ತುಂಬ ಮರಳು. ನಾನು "ಇದೆ ಕಣೇ!" ಅಂತ ಕೂಗಿದೆ... ಧಡ್ ಅಂತ ಅಲೆ ಒಡೆಯಿತು. ನನ್ನ ದನಿ ನನಗೇ ಕೇಳಲಿಲ್ಲ.

ನೀರಿನ ಮೇಲೆ ದೀಪ ಮಾತ್ರ ಉಳಿಯಿತು.

ಆಗ ಬಿಟ್ಟರು ಅವನನ್ನು. ಅವನೇ ಹೋಗಿ ಅವಳನ್ನು ತಂದ. ತಂದು ಏನು ಬಂತು...

ಅವನ ಮೈ ಆರುವ ಮುಂಚೆ ಎಳೆದುಕೊಂಡು ಪಂಚಾಯತಿಗೆ ಹೋದೆ. "ಕೊಡು ಅವನ ಅಂಗಿ. ಹಬ್ಬ ಇರಲಿ ಬಿಡಲಿ, ದಡದಲ್ಲಿ ದಿನಾ ಒಬ್ಬ ಇರಲೇಬೇಕು."

"ಮೇಲಿಂದ ಆರ್ಡರ್ ಬರಬೇಕಮ್ಮ," ಅಂದ ಸತ್ಯಂ. "ಹೋಗು, ನಿನ್ನ ಬಜ್ಜಿ ಸೀದುಹೋಗುತ್ತೆ."

"ಅಂಗಿ ಇದೆಯೋ, ಇಲ್ಲ ನಿನ್ನ ಬಾಮೈದ ಹಾಕ್ಕೊಂಡು ತಿರುಗ್ತಿದ್ದಾನೋ?"

ರೇಗಿ ಎದ್ದು ಬೀಗ ತೆಗೆದ. ಕಿರ್ರ್... ಬಾಗಿಲ ಸಂದಿಯಿಂದ ನೆಲಕ್ಕೆ ನೀರು ಬಿತ್ತು. ತಟ್... ತಟ್... ಅಂಗಿ ನೆನೆದು ತೊಪ್ಪೆಯಾಗಿತ್ತು. ಜಾಲಯ್ಯ ಸೀಟಿ ತೆಗೆದು ಅಂಗೈಗೆ ಬಡಿದ. ಮರಳು ಉದುರಿತು.

ಆ ಅಂಗಿ ಹಿಂಡಿದವಳು ನಾನೇ. ಬೆರಳನ್ನು ನಾಲಿಗೆಗೆ ಹಚ್ಚಿಯೂ ನೋಡಿದೆ. ಉಪ್ಪು. ಇದರಲ್ಲಿ ಒಂದು ಮಾತೂ ನಾನು ಸೇರಿಸಿದ್ದಲ್ಲ.

ಸತ್ಯಂ ನನ್ನ ಕೈಯಿಂದ ಅಂಗಿ ಇಸಿದುಕೊಂಡ. ಜಾಲಯ್ಯನ ಕೈಯಿಂದ ಸೀಟಿ ಇಸಿದುಕೊಂಡ. ಅಂಗಿಯನ್ನು ಒದ್ದೆಯಲ್ಲೇ ಮಡಚಿ, ಸೀಟಿಯನ್ನು ಅದರ ಮೇಲಿಟ್ಟು, ಮತ್ತೆ ಬೀಗ ಹಾಕಿದ.