ಗಿಡ್ಡ ಕಂಬದ ಶಾಲೆ

ನಾಲತವಾಡದ ಬಸ್ ನಿಲ್ದಾಣದಲ್ಲಿ ಮುಖ್ಯಶಿಕ್ಷಕಿ ಹುಮಾ ಶಾಲೆಗೊಂದು ಕಂಬ ಬರೆದಿದ್ದ ಹಾಜರಾತಿಯ ನಕ್ಷೆಯನ್ನು ಮೊಬೈಲಿನಲ್ಲಿ ದಿಟ್ಟಿಸುತ್ತಿದ್ದಳು. ಮುದ್ದೇಬಿಹಾಳದ ಸಭೆಯಲ್ಲಿ ಶಿಕ್ಷಣಾಧಿಕಾರಿ ಸಾಹೇಬರು ಎಲ್ಲಕ್ಕಿಂತ ಗಿಡ್ಡ ಕಂಬದ ಶಾಲೆಯವರನ್ನು ಎಬ್ಬಿಸಿ ನಿಲ್ಲಿಸುವುದು ವಾಡಿಕೆ.

"ನಮ್ಮ ಕಂಬ ಮಗ್ಗಲ ಸಾಲಿ ಕಂಬದ ಮೊಣಕಾಲಿಗೂ ಬಂದಿಲ್ರಿ ಅಕ್ಕಾರ."

"ಎಷ್ಟು ಹಾಜರಿ?" ಹಿರಿಯ ಶಿಕ್ಷಕಿ ವಿಜಯಲಕ್ಷ್ಮಿ ಕೇಳಿದರು.

"ನಮ್ದು ನೂರಕ್ಕ ತೊಂಬತ್ತೊಂದು, ಅವರದು ತೊಂಬತ್ತೈದು. ಆದ್ರ ಕಂಬ ಸೊನ್ನಿ ಬಿಟ್ಟು ತೊಂಬತ್ತರಿಂದ ಸುರು ಮಾಡ್ಯಾರ."

"ಅಂದ್ರ ಕಾಲು ಮಣ್ಣಾಗ ಹುಗದು ಎತ್ತರ ಅಳದಾರ. ಸಾಹೇಬ್ರಿಗೆ ಅಂಕಿ ತೋರ್ಸು."

"ಅವರ ಕಣ್ಣು ಅಂಕಿಗೆ ಇಳಿಯಂಗಿಲ್ರಿ, ಕಂಬಕ್ಕ ಅಂಟಿರ್ತೈತಿ."

"ಹೋದ ವರ್ಷನೂ ಹಿಂಗ ಅಳದು ನಿನ್ನ ಕಂಬನ ಎಲ್ಲಾಕ್ಕಿಂತ ಎತ್ತರ ಮಾಡಿದ್ರು. ಆಗ ಯಾಕ ಸುಮ್ಮನಿದ್ದಿ?"

"ಆಗ ಶಾಲು ಹೊದಿಸಿದ್ರು, ನಕ್ಷಿ ಚಲೋ ಕಂಡಿತ್ತು."

"ಇವತ್ತರ ಹೇಳ್ತಿಯೋ ಇಲ್ಲೋ?"

"ಹೆಂಗೂ ನಿಂದ್ರಸ್ತಾರಲ್ರಿ. ನಿಂತ ಮ್ಯಾಲ ಹೇಳೇಬಿಡ್ತೇನಿ, ಶಾಲಿನ ಮಾತೂ ಸೇರಿಸಿ."

ಬಸ್ಸು ಬಂತು. ಇಬ್ಬರೂ ನೂಕಿಕೊಂಡು ಹತ್ತಿದರು.