ಎಡಗೈ ಗುಂಡಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಕಾರ್ಖಾನೆಯ ಯಜಮಾನರೇ, ಸುರಕ್ಷತಾ ಅಧಿಕಾರಿಗಳೇ, ನನ್ನ ಜೊತೆ ಮೂವತ್ತೊಂದು ವರ್ಷ ತಗಡು ಬಡಿದ ಅಣ್ಣಂದಿರೇ, ಅಕ್ಕಂದಿರೇ, ಸಭಿಕರೇ,

ನಿವೃತ್ತನಾಗುವವನು ನಾಲ್ಕು ಹಳೆಯ ನೆನಪು ಹೇಳಿ, ಜನರನ್ನು ನಗಿಸಿ, ಕೊಟ್ಟ ಗೋಡೆ ಗಡಿಯಾರ ಹಿಡಿದುಕೊಂಡು ಮನೆಗೆ ಹೋಗಬೇಕು. ಅದು ನನಗೂ ಗೊತ್ತು. ಹಾಗೇ ಬರೆದುಕೊಂಡು ಬಂದಿದ್ದೆ. ಆ ಕಾಗದ ಜೇಬಿನಲ್ಲೇ ಇರಲಿ. ಇವತ್ತು ನಾನು ಹೇಳುವ ಕಥೆಯನ್ನು ಮೊದಲು ಹೇಳಿದವಳು ನನ್ನ ತಂಗಿಯ ಮಗಳು. ಹೇಳಿದ್ದು ಮೊನ್ನೆ ಸಂಜೆ, ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಅವಳನ್ನು ನೋಡಲು ಬಂದ ನಮ್ಮ ಪ್ರೆಸ್ ವಿಭಾಗದ ಹದಿಮೂರು ಹೆಂಗಸರಿಗೆ. ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ.

ಅತಿಥಿಗಳಿಗೆ ಪ್ರೆಸ್ ಎಂದರೆ ಏನೆಂದು ಹೇಳಿಬಿಡುತ್ತೇನೆ. ನಾವು ಮಾಡುವುದು ಡಬ್ಬಿಯ ಮುಚ್ಚಳ. ತಗಡನ್ನು ಅಚ್ಚಿನ ಮೇಲಿಟ್ಟರೆ ಮೇಲಿನಿಂದ ನಲವತ್ತು ಟನ್ ಇಳಿಯುತ್ತದೆ, ಮುಚ್ಚಳ ಬೀಳುತ್ತದೆ. ಅದು ಇಳಿಯಬೇಕಾದರೆ ಎಡಗೈಗೊಂದು, ಬಲಗೈಗೊಂದು, ಎರಡು ಗುಂಡಿ ಒತ್ತಬೇಕು. ಯಾಕೆ? ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನೊಳಗೆ ಕೈ ಇರುವುದಿಲ್ಲ. ಇದನ್ನು ಯೋಚಿಸಿದವನು ಬುದ್ಧಿವಂತ. ಅವನಿಗಿಂತ ಬುದ್ಧಿವಂತ ನಾನು.

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಮರದ ಬೆಣೆ ಕೆತ್ತಿದೆ. ಹೆಬ್ಬೆರಳ ಗಾತ್ರದ್ದು. ಎಡಗೈ ಗುಂಡಿ ಒತ್ತಿ, ಅಂಚಿಗೆ ಬೆಣೆ ಸಿಕ್ಕಿಸಿದರೆ ಅದು ಒತ್ತಿಕೊಂಡೇ ಇರುತ್ತದೆ. ಎಡಗೈ ತಗಡು ಇಡುತ್ತದೆ, ಬಲಗೈ ಒತ್ತುತ್ತದೆ. ಗಂಟೆಗೆ ನಾನೂರು ಬರುತ್ತಿದ್ದ ಮುಚ್ಚಳ ಆರುನೂರಾಯಿತು. ಆಗಿನ ಯಜಮಾನರು ನನ್ನ ಬೆನ್ನು ತಟ್ಟಿದರು. ಅಲ್ಲಿಂದ ಅದೇ ಪದ್ಧತಿಯಾಯಿತು. ಹೊಸಬರು ಸೇರಿದ ದಿನ ಮೇಸ್ತ್ರಿಯಾದ ನಾನು ಕೈಯಾರೆ ಕೆತ್ತಿದ ಬೆಣೆ ಕೊಡಬೇಕು. ತಪಾಸಣೆಯವರು ಬಂದರೆ ಬೆಣೆ ಜೇಬಿಗೆ, ಹೋದರೆ ಗುಂಡಿಗೆ. ನಗಬೇಡಿ, ನಗುತ್ತಿರುವವರ ಜೇಬಿನಲ್ಲಿ ಯಾವ ಮರದ ಬೆಣೆ ಇತ್ತು ಎಂದು ಒಬ್ಬೊಬ್ಬರದಾಗಿ ಹೇಳಬಲ್ಲೆ. ನನ್ನ ತಂಗಿಯ ಮಗಳಿಗೆ ಕೊಟ್ಟದ್ದು ತೇಗದ್ದು. ಮರಳುಕಾಗದ ಹಾಕಿ ಉಜ್ಜಿ ನಯ ಮಾಡಿದ್ದೆ. ಅವಳ ಕೈಗೆ ಸಿಬಿರು ಚುಚ್ಚಬಾರದಲ್ಲ.

ಹನ್ನೊಂದು ದಿನದ ಹಿಂದೆ, ಬೆಳಗ್ಗೆ ಹತ್ತು ಗಂಟೆಗೆ, ಪ್ರೆಸ್ ಅವಳ ಎಡಗೈ ಮೇಲೆ ಇಳಿಯಿತು. ನಾಲ್ಕು ಬೆರಳು. ಸಭಿಕರೇ, ಅವಳು ಕಿರುಚಲಿಲ್ಲ. "ಮಾವ, ಇದು ಹೇಗೆ ಇಳೀತು?" ಎಂದು ಕೇಳಿದಳು. ನಾನು ನೆಲದ ಮೇಲೆ ಅವಳ ಕೈಗವಸು ಹುಡುಕುತ್ತಿದ್ದೆ. ಯಾಕೆ ಹುಡುಕುತ್ತಿದ್ದೆ ಎಂದು ಇವತ್ತಿಗೂ ನನಗೆ ತಿಳಿಯದು. ಅವಳು ಕೈಗವಸು ಹಾಕುತ್ತಲೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವಳ ಮೊದಲ ಮಾತು, "ನಾನು ಬೆಣೆ ಹಾಕಿರಲಿಲ್ಲ ಮಾವ." ನಾನು, "ಆಯ್ತು ಬಿಡಮ್ಮ, ಮಲಕ್ಕೋ" ಎಂದೆ. ನಂಬಲಿಲ್ಲ. ಬೆಣೆ ಇಲ್ಲದೆ ಒಂದು ಕೈಗೆ ಪ್ರೆಸ್ ಇಳಿಯುವುದುಂಟೇ? ಬೆಣೆ ಅವಳ ಏಪ್ರನ್ ಜೇಬಿನಲ್ಲಿ ಸಿಕ್ಕಿತ್ತು. ತಪಾಸಣೆಯವರು ಬಂದಾಗ ಮಾಡುವ ಹಾಗೆ ಕಿತ್ತು ಬಚ್ಚಿಟ್ಟಿರಬೇಕು ಎಂದುಕೊಂಡೆ. ನಾಲ್ಕು ಬೆರಳು ಹೋದ ಗಳಿಗೆಯಲ್ಲಿ ಒಬ್ಬ ಹೆಣ್ಣುಮಗಳು ಬೆಣೆ ಬಚ್ಚಿಡುತ್ತಾಳೆ ಎಂದು ನಂಬುವುದು ನನಗೆ ಸುಲಭವಾಯಿತು. ಬೆಣೆ ಸಿಕ್ಕ ಮೇಲೆ ಯಂತ್ರವನ್ನು ಯಾರೂ ಬಿಚ್ಚಿ ನೋಡಲಿಲ್ಲ. 'ಕೆಲಸಗಾರಳ ಸ್ವಂತ ಅಜಾಗರೂಕತೆ' ಎಂದು ಸುರಕ್ಷತಾ ಕಚೇರಿಯವರು ವರದಿ ಬರೆದು ತಂದರು. ಸಾಕ್ಷಿ ಎಂದು ಸಹಿ ಹಾಕಿದವನು ನಾನು. ಆ ವರದಿಯೇ ಸರಿ ಎಂದಾದರೆ ಅವಳಿಗೆ ಪರಿಹಾರವಿಲ್ಲ, ಕೆಲಸವಿಲ್ಲ, ತನ್ನ ಕೈ ತಾನೇ ಕಳೆದುಕೊಂಡವಳು ಎಂಬ ಮಾತು ಮಾತ್ರ ಉಳಿಯುತ್ತದೆ.

ಮೊನ್ನೆ ಅವಳು ಹೇಳಿದ್ದು ಇಷ್ಟು. ಅಪಘಾತದ ಹಿಂದಿನ ದಿನ ಪ್ರೆಸ್ ಅವಳ ತೋಳಿನ ಬಟ್ಟೆ ಕಚ್ಚಿತ್ತು. ಹೆದರಿದಳು. ಮುಚ್ಚಳ ಕಡಿಮೆಯಾದರೂ ಸರಿ, ಇನ್ನು ಬೆಣೆ ಬೇಡ ಎಂದುಕೊಂಡಳು. ಮಾವ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ನನಗೆ ಹೇಳಲಿಲ್ಲ. ಮರುದಿನ ಎರಡೂ ಗುಂಡಿ ಒತ್ತಿಯೇ ಕೆಲಸ ಮಾಡಿದಳು. ಹತ್ತು ಗಂಟೆಗೆ ಒಂದು ತಗಡು ಸೊಟ್ಟಗೆ ಕೂತಿತು. ಬಲಗೈ ಗುಂಡಿಯ ಮೇಲೆ ಊರಿಕೊಂಡೇ ಎಡಗೈಯಲ್ಲಿ ಅದನ್ನು ಸರಿಮಾಡಲು ಹೋದಳು. "ಎಡಗೈದು ಒತ್ತದೆ ಅದು ಇಳಿಯಲ್ಲ ಅಂತ ಧೈರ್ಯವಾಗಿದ್ದೆ ಅಕ್ಕ" ಎಂದಳು. ಕೇಳಿದವರು ಎದ್ದು ಹೋದರು.

ಸುರಕ್ಷತಾ ಅಧಿಕಾರಿಗಳೇ, ಆ ವರದಿಯ ಮೇಲಿನ ನನ್ನ ಸಹಿಯನ್ನು ಈ ಸಭೆಯಲ್ಲಿ ವಾಪಸು ಪಡೆಯುತ್ತಿದ್ದೇನೆ. ಯಾಕೆಂದು ಕೇಳುವ ಹಕ್ಕು ನಿಮಗಿದೆ.

ನಿನ್ನೆ ಬೆಳಗ್ಗೆ ಪಾಳಿಗೆ ಮೊದಲೇ ಆ ಹದಿಮೂರು ಜನ ಬಂದಿದ್ದರು. ಎಲ್ಲರ ಗುಂಡಿಯಲ್ಲೂ ಬೆಣೆ ಇತ್ತು. ಹೌದು, ಅಷ್ಟಾದ ಮೇಲೂ ಇತ್ತು; ನಾನೂ ತೆಗೆಸಿರಲಿಲ್ಲ. ಹಿರಿಯಳು, ನಾವು ದೊಡ್ಡಕ್ಕ ಎನ್ನುವವಳು, ತನ್ನದನ್ನು ಕಿತ್ತಳು. ಗುಂಡಿ ಟಕ್ಕೆಂದು ಮೇಲೆ ಬಂತು. "ಮೇಸ್ತ್ರಿ, ಸುಮ್ನೆ ನಿಂತು ನೋಡಿ" ಎಂದಳು. ತಗಡಿಟ್ಟು, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈ ಗುಂಡಿ ಒಂದನ್ನೇ ಒತ್ತಿದಳು.

ಪ್ರೆಸ್ ಇಳಿಯಿತು.

ಒಬ್ಬೊಬ್ಬರೇ ತಮ್ಮ ಬೆಣೆ ಕಿತ್ತು, ಹಾಗೇ ಒತ್ತಿದರು. ಹದಿಮೂರರಲ್ಲಿ ಏಳು ಒಂದೇ ಕೈಗೆ ಇಳಿದವು. ಗುಂಡಿ ಮೇಲೆ ಬಂದಂತೆ ಕಾಣುತ್ತದೆ, ಒಳಗಿನ ಸ್ಪ್ರಿಂಗು ಸತ್ತು, ಯಂತ್ರದ ಪಾಲಿಗೆ ಅದು ಒತ್ತಿದ ಹಾಗೇ ಇದೆ. ವರ್ಷಗಟ್ಟಲೆ ಹಗಲೆಲ್ಲ ಅದುಮಿ ಹಿಡಿದರೆ ಇನ್ನೇನಾಗುತ್ತದೆ? ಕೊನೆಗೆ ಉಳಿದದ್ದು ಹೊದಿಕೆ ಹಾಕಿದ ಅವಳ ಪ್ರೆಸ್. ಅದನ್ನು ಮುಟ್ಟಲು ಯಾರಿಗೂ ಕೈ ಬರಲಿಲ್ಲ. ನಾನು ಒತ್ತಿದೆ. ಅದೂ ಇಳಿಯಿತು.

ಹೆಂಗಸರು ಯಂತ್ರಗಳನ್ನು ನಿಲ್ಲಿಸಿದರು. ಪಾಳಿ ಶುರುವಾಗುವ ಸೈರನ್ ಕೂಗುತ್ತಿತ್ತು; ಯಾರೂ ತಿರುಗಲಿಲ್ಲ. ಏಪ್ರನ್ ಕೂಡ ಬಿಚ್ಚದೆ, ಗೇಟು ದಾಟಿ, ಹದಿಮೂರು ಜನ ಸಾಲಾಗಿ ಆಸ್ಪತ್ರೆಗೆ ನಡೆದರು. ನಾನು ಹಿಂದೆ ಹೋದೆ. ದೊಡ್ಡಕ್ಕ ಮಂಚದ ಪಕ್ಕ ಕೂತು ಅವಳ ಬಲಗೈ ಹಿಡಿದುಕೊಂಡು, "ನೀನು ಹಾಕಿರಲಿಲ್ಲ ಕಣೇ. ನಾವು ನೋಡ್ಕೊಂಡು ಬಂದ್ವಿ" ಎಂದಳು.

ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ನಾನು ಋಣಿ. ನಮಸ್ಕಾರ.